ಸೋಪಿನ ನೀರೂ ಔಷಧವಾ?

ಕಳೆದ ತಿಂಗಳು ನಮ್ಮ ಅಡುಗೆಮನೆ ಕಿಟಕಿಯಲ್ಲಿ ಮೂರು ಗ್ಲಾಸು. ಪ್ರತಿಯೊಂದರ ಬಾಯಿ ಮೇಲೂ ಒಂದು ಕುಮಟಾ ನೀರುಳ್ಳಿ. ಹಂದಿಗೋಣದ ಹತ್ತಿರ ರಸ್ತೆ ಬದಿ ಗೊಂಚಲು ಕಟ್ಟಿ ಮಾರುತ್ತಾರಲ್ಲ, ಅದೇ. ಮಗಳ ಬಿಎಸ್ಸಿ ಪ್ರಾಜೆಕ್ಟ್. ನೀರುಳ್ಳಿ ಮುಟ್ಟದ ನಮ್ಮತ್ತೆ ಆ ವಾರ ಕಿಟಕಿ ಕಡೆ ತಿರುಗಿಯೂ ನೋಡಲಿಲ್ಲ.

ಎರಡು ದಿನಕ್ಕೆ ಬಿಳಿ ಬೇರು ಇಳಿಯಿತು. ಆಮೇಲೆ ಒಂದಕ್ಕೆ ನಿತ್ಯಪುಷ್ಪದ ಎಲೆ ಕಷಾಯ, ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಪಾತ್ರೆ ತೊಳೆಯುವ ಸೋಪಿನ ನೀರು. ಬೇರಿನ ತುದಿ ಕತ್ತರಿಸಿ, ಆಸಿಡ್‌ನಲ್ಲಿ ಮೆತ್ತಗೆ ಮಾಡಿ, ಬಣ್ಣ ಹಾಕಿ, ಗಾಜಿನ ಮೇಲೆ ಒತ್ತಿ, ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ಒಂದೊಂದೇ ಕೋಶ ಎಣಿಸಿದಳು. ನೂರರಲ್ಲಿ ಎಷ್ಟು ಕೋಶ ಒಡೆದು ಎರಡಾಗುತ್ತಿವೆ ಎಂಬುದೇ ಲೆಕ್ಕ. ಕಷಾಯದಲ್ಲಿ ತುಂಬಾ ಕಡಿಮೆ. ಸೋಪಿನ ನೀರಿನಲ್ಲೂ ಕಡಿಮೆ!

ಕ್ಯಾನ್ಸರ್ ಅಂದರೆ ಕೋಶ ಲಗಾಮಿಲ್ಲದೆ ಎರಡಾಗುತ್ತಾ ಹೋಗುವುದು. ಹಾಗಂತ ಅದನ್ನು ತಡೆದ ಸೋಪು ಕ್ಯಾನ್ಸರ್ ಔಷಧವಾ? ಕೋಶ ಬೆಳೆಯದಂತೆ ತಡೆಯಲು ಯಾವ ವಿಷವಾದರೂ ಸಾಕು. ಯಾವ ಕೋಶವನ್ನು, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ ತಡೆಯಬೇಕು ಅನ್ನುವುದೇ ಕಷ್ಟದ ಭಾಗ.

ಇದನ್ನು ಬರೆಯುತ್ತಿರುವುದು ಶಿರಸಿಯ ನಮ್ಮ ಮಾವನಿಂದಾಗಿ. ಅವರಿಗೆ ಲಿಂಫೋಮಾ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್, ಇತ್ತು. ‘ನಿತ್ಯಪುಷ್ಪದಿಂದಲೇ ಕ್ಯಾನ್ಸರ್ ಮದ್ದು ಮಾಡ್ತಾರಂತಲ್ಲೇ ಕೂಸೇ, ಹಿತ್ತಲಲ್ಲೇ ಇದೆ’ ಎಂದು ಕೀಮೋ ಬಿಟ್ಟು ಮುಷ್ಟಿ ಮುಷ್ಟಿ ಎಲೆ ಕುದಿಸಿ ಕುಡಿದರು. ವಾಟ್ಸಾಪ್‌ನಲ್ಲಿ ಬಂದಿತ್ತು, ಮತ್ತೆಲ್ಲಿಂದ? ಹದಿನೈದು ದಿನಕ್ಕೆ ಆಸ್ಪತ್ರೆ ಸೇರಿದಾಗ ರಕ್ತದಲ್ಲಿ ಬಿಳಿ ಕಣ ತೀರಾ ಇಳಿದಿತ್ತು.

ತಮಾಷೆ ಅಂದ್ರೆ, ಈ ಗಿಡದ ಗುಣ ಗೊತ್ತಾಗಿದ್ದೂ ಹೀಗೇ. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಇದರ ಎಲೆಯ ಚಹಾ ಕುಡಿಯುತ್ತಿದ್ದರು. ಕೆನಡಾದ ವಿಜ್ಞಾನಿಗಳಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅದರ ಸಾರವನ್ನು ಇಲಿಗಳಿಗೆ ಕೊಟ್ಟು ನೋಡಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಅದರ ಬೆನ್ನು ಹತ್ತಿ 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಮದ್ದನ್ನು ಬೇರ್ಪಡಿಸಿದರು. ಅದರ ಅಣ್ಣತಮ್ಮನಂತಿರುವ ವಿನ್‌ಕ್ರಿಸ್ಟಿನ್ ಆಮೇಲೆ ಬಂತು. ಕೋಶ ಎರಡಾಗುವಾಗ ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯುವ ದಾರಗಳಿರುತ್ತವೆ. ಇವೆರಡೂ ಆ ದಾರ ಕಟ್ಟದಂತೆ ತಡೆಯುತ್ತವೆ. ಕ್ಯಾನ್ಸರ್ ಕೋಶದಲ್ಲೂ ಅಷ್ಟೇ, ಬಿಳಿ ಕಣ ಹುಟ್ಟುವ ಮೂಳೆಮಜ್ಜೆಯಲ್ಲೂ ಅಷ್ಟೇ.

ಒಂದು ಗ್ರಾಂ ಔಷಧ ತೆಗೆಯಲು ನೂರಾರು ಕೆಜಿ ಒಣ ಎಲೆ ಬೇಕು. ಕಷಾಯದ ಲೋಟದಲ್ಲಿ ಅದು ಎಷ್ಟಿದೆ, ಇನ್ನೇನೇನಿದೆ, ಅಳೆಯುವವರು ಯಾರು?

ಮಾವ ಈಗ ಮತ್ತೆ ಚಿಕಿತ್ಸೆಗೆ ಹೋಗುತ್ತಿದ್ದಾರೆ. ಅವರ ಚೀಟಿ ಓದಿದ ಮಗಳು ಒಂದು ಹೆಸರಿಗೆ ಬೆರಳಿಟ್ಟು ತೋರಿಸಿದಳು. ವಿನ್‌ಕ್ರಿಸ್ಟಿನ್, 2 ಮಿಲಿಗ್ರಾಂ.

‘ಇಷ್ಟೇನಾ?’ ಎಂದರು ಮಾವ.