ಮಾರ್ಸಶ್ಲೋಕ್ ನೋಡೋಕೆ ಭಾನುವಾರವೇ ಹೋಗಬೇಕಾ?

ಪರ: ಹೌದು, ಭಾನುವಾರವೇ ಹೋಗಿ

ಮಾಲ್ಟಾದ ಆಗ್ನೇಯ ಮೂಲೆಯಲ್ಲಿರುವ ಈ ಮೀನುಗಾರರ ಊರಿಗೆ ಹೋಗುವುದೇ ಆದರೆ ಭಾನುವಾರ ಬೆಳಗ್ಗೆ ಬೇಗ ಹೋಗಿ. ಬೇರೆ ದಿನ ಬಲೆಗೆ ಬಿದ್ದ ಮೀನು ಹೆಚ್ಚಾಗಿ ಸಗಟು ಮಾರುಕಟ್ಟೆಗೆ ಹೋಗಿಬಿಡುತ್ತದೆ. ಭಾನುವಾರ ಮಾತ್ರ ದಕ್ಕೆಯ ಉದ್ದಕ್ಕೂ ಮೀನಿನ ಸಂತೆ. ಪ್ರವಾಸಿಗರು ಫೋಟೋ ತೆಗೆಯುವ ಪಕ್ಕದಲ್ಲೇ ಮಾಲ್ಟಾದ ಮನೆಯವರು ಕಿವಿರು ಎತ್ತಿ ನೋಡಿ, ಚೌಕಾಸಿ ಮಾಡಿ ಮೀನು ಕೊಳ್ಳುತ್ತಾರೆ. ಊರಿನ ಜೀವ ಅಲ್ಲಿದೆ, ಅಲ್ವಾ?

ಆಗಸ್ಟ್ 15ರ ನಂತರ ಹೋದರೆ ಇನ್ನೂ ಒಳ್ಳೆಯದು, ಆಗ ಲಂಪೂಕಿ ಮೀನಿನ ಕಾಲ, ವರ್ಷದ ಕೊನೆಯವರೆಗೂ ಸಿಗುತ್ತದೆ. ಅದನ್ನು ಹಿಡಿಯುವ ಉಪಾಯ ನನಗೆ ತುಂಬಾ ಇಷ್ಟ. ತಾಳೆ ಜಾತಿಯ ಮರದ ಗರಿಗಳನ್ನು ತೇಲುವಂತೆ ಕಟ್ಟಿ, ಕೆಳಗೆ ಕಲ್ಲಿನ ಭಾರ ಇಳಿಬಿಟ್ಟು, ದಡದಿಂದ ದೂರ ಸಮುದ್ರದಲ್ಲಿ ಬಿಡುತ್ತಾರೆ. ಮೀನುಗಳು ಆ ನೆರಳಿಗೆ ಬಂದು ಸೇರುತ್ತವೆ, ಸುತ್ತಲೂ ಬಲೆ ಬೀಸಿದರೆ ಆಯಿತು. ಅದೇ ಮೀನಿಗೆ ಪಾಲಕ್, ಹೂಕೋಸು, ಆಲಿವ್ ಸೇರಿಸಿ ಹಿಟ್ಟಿನ ಹೊದಿಕೆಯಲ್ಲಿ ಬೇಯಿಸಿದ ಕಡುಬಿನಂಥ ತಿಂಡಿ ಮಾಡುತ್ತಾರೆ. ಮಾರುವವರ ಹತ್ತಿರವೇ ನಿಂತು ಇದನ್ನೆಲ್ಲ ಕೇಳಿ ತಿಳಿಯಬಹುದು. ಖಾಲಿ ದಕ್ಕೆ ನೋಡಿ ಬಂದರೆ ಯಾರನ್ನು ಕೇಳುತ್ತೀರಿ?

ವಿರೋಧ: ಬೇಡ, ಮಂಗಳವಾರ ಹೋಗಿ

ಭಾನುವಾರ ಹೋದವರಿಗೆ ಕಾಣುವುದು ಮುಂದಿನವರ ಬೆನ್ನು. ಮೀನಿನ ಜೊತೆ ಬಟ್ಟೆ, ಆಟಿಕೆ, ಚೀಲಗಳ ಅಂಗಡಿ ಸಾಲುಗಟ್ಟಿರುತ್ತವೆ, ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ.

ವಾರದ ನಡುವೆ ಹೋಗಿ ಒಂದು ಲುಟ್ಸುವಿನ ಮುಂದೆ ಸುಮ್ನೆ ನಿಲ್ಲಿ. ಲುಟ್ಸು ಅಂದರೆ ಇಲ್ಲಿಯ ಮರದ ದೋಣಿ, ನೀಲಿ, ಹಳದಿ, ಕೆಂಪು, ಹಸಿರು ಪಟ್ಟಿ ಬಳಿದದ್ದು. ಮೂತಿಯ ಎರಡೂ ಬದಿಗೆ ಒಂದೊಂದು ಕಣ್ಣು. ಹತ್ತಿರ ಹೋದರೆ ಹುಬ್ಬು ಕೂಡ ಕಾಣುತ್ತದೆ, ಪದರ ಪದರವಾಗಿ ಬಳಿದ ಬಣ್ಣದ ಅಂಚು ಉಪ್ಪುಗಾಳಿಗೆ ಎದ್ದಿರುತ್ತದೆ. ದೋಣಿಯನ್ನು ಕೇಡಿನಿಂದ ಕಾಯುವ ಕಣ್ಣು ಅದು, ಹಡಗು ವ್ಯಾಪಾರಕ್ಕೆ ಹೆಸರಾದ ಪ್ರಾಚೀನ ಫಿನೀಷಿಯನ್ನರ ಕಾಲದಿಂದ ಬಂದದ್ದು ಎಂಬ ನಂಬಿಕೆ ಇದೆ. ಸಂತೆಯ ಗದ್ದಲದಲ್ಲಿ ಇದನ್ನು ಯಾರು ನೋಡುತ್ತಾರೆ?

ಊರಿನ ಹೆಸರೇ ಗಾಳಿಯದು. ಮಾರ್ಸ ಅಂದರೆ ಬಂದರು, ಶ್ಲೋಕ್ ಅಂದರೆ ಆಗ್ನೇಯದ ಗಾಳಿ. 1565ರಲ್ಲಿ ಮಾಲ್ಟಾಕ್ಕೆ ಮುತ್ತಿಗೆ ಹಾಕಲು ತುರ್ಕರ ಹಡಗುಗಳು ಬಂದು ಸೇರಿದ್ದು ಇದೇ ಕೊಲ್ಲಿಗೆ, ಆಮೇಲೆ 1610ರ ಹೊತ್ತಿಗೆ ಇಲ್ಲಿ ಕಾವಲಿಗೆ ಸೇಂಟ್ ಲೂಷಿಯನ್ ಗೋಪುರ ಎದ್ದಿತು. ಈಗ ಅದೇ ಕೊಲ್ಲಿಯಲ್ಲಿ ಡೆಲಿಮಾರಾ ವಿದ್ಯುತ್ ಸ್ಥಾವರವಿದೆ. ಅದಕ್ಕೆ ಅನಿಲ ಕೊಡುವ ದೊಡ್ಡ ಹಡಗು 2016ರಲ್ಲಿ ಬಂದು ಲಂಗರು ಹಾಕಿತು. ಆಚೆ ದಡದಲ್ಲಿ ಕಂಟೇನರ್ ಬಂದರಿನ ಕ್ರೇನುಗಳು. ಚಿತ್ರದ ಕಾರ್ಡುಗಳಲ್ಲಿ ಇವನ್ನು ಬಿಟ್ಟು ದೋಣಿ ಮಾತ್ರ ತೋರಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ, ಊರಿನವರು ದಿನಾ ನೋಡುವುದು ಎರಡನ್ನೂ.

ಮಂಗಳವಾರ ದಕ್ಕೆಯ ಮೇಲೆ ಬಲೆ ಹರಡಿಕೊಂಡು ಹರಿದ ಕಣ್ಣುಗಳನ್ನು ಹೆಣೆಯುವವರು ಸಿಗುತ್ತಾರೆ. ಆ ಬಲೆ ತುಳಿಯದೆ ನಡೆಯಲು ಅವತ್ತು ಜಾಗ ಇರುತ್ತದೆ.