ಬಿಲ್ಲಿಗೂ ಕೋವಿಯ ಶಿಸ್ತೇ ಬೇಕು

ಕೈಲ್‌ಪೊಳ್ದ್ ದಿನ, ಅಂದರೆ ಕೊಡಗಿನ ಆಯುಧಪೂಜೆಯ ಹಬ್ಬದಂದು, ಕೋವಿಯ ಬಾಯಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವ ಮನೆಗಳಲ್ಲಿ ಮಕ್ಕಳಿಗೆ ಮೊದಲು ಹೇಳಿಕೊಡುವ ಪಾಠ ಒಂದೇ: ತುಂಬಿರಲಿ, ಖಾಲಿ ಇರಲಿ, ನಳಿಗೆ ಮನುಷ್ಯರ ಕಡೆ ತಿರುಗಬಾರದು. ಅದೇ ಮನೆಗಳ ಅಂಗಳದಲ್ಲಿ 40 ಪೌಂಡಿನ (ಪೂರ್ತಿ ಎಳೆಯಲು ಅಷ್ಟು ಬಲ ಬೇಕಾದ) ಬಿಲ್ಲು ಮಾತ್ರ ಆಟದ ಸಾಮಾನಿನ ಹಾಗೆ ಕೈಯಿಂದ ಕೈಗೆ ದಾಟುತ್ತಿರುತ್ತದೆ. ಬಾಣ ಹೂಡಿಕೊಂಡೇ ಪಕ್ಕಕ್ಕೆ ತಿರುಗಿ ಮಾತಾಡುತ್ತಾರೆ. ಎಷ್ಟು ದೂರ ಹೋಗುತ್ತೆ ನೋಡೋಣ ಅಂತ ಆಕಾಶಕ್ಕೆ ಬಿಡುತ್ತಾರೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವ ಜಿಲ್ಲೆ ಇದು. ಆಯುಧದ ಜವಾಬ್ದಾರಿ ಏನೆಂದು ಇಲ್ಲಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆ ಜವಾಬ್ದಾರಿ ಬಿಲ್ಲಿನ ತನಕ ಬರಲಿ ಎಂಬುದಷ್ಟೇ ಈ ಬರಹ. ಗೆಳೆಯರೆಲ್ಲ ಸೇರಿ ಹೊರಗೆ ಬಯಲಿನಲ್ಲಿ ಬಾಣ ಬಿಡುವ ದಿನವೊಂದನ್ನು ಇಟ್ಟುಕೊಳ್ಳುವ ಬಿಲ್ಲುಗಾರಿಕೆ ತಂಡಗಳಿಗೆ ಮುಖ್ಯವಾಗಿ.

40 ಪೌಂಡಿನ ರಿಕರ್ವ್ (ತುದಿ ಮುಂದಕ್ಕೆ ಬಾಗಿದ) ಬಿಲ್ಲಿನಿಂದ ಬಾಣ ಸೆಕೆಂಡಿಗೆ ಸುಮಾರು 45ರಿಂದ 50 ಮೀಟರ್ ವೇಗದಲ್ಲಿ ಹೊರಡುತ್ತದೆ. ಮೇಲಕ್ಕೆ ಓರೆಯಾಗಿ ಬಿಟ್ಟರೆ 150 ಮೀಟರ್ ದಾಟಿ ಬೀಳಬಹುದು. ಬಿಲ್ಲು ಮಕ್ಕಳಾಟ ಎನ್ನುವವರು ಪಕ್ಕದ ವಯನಾಡನ್ನು ನೆನಪಿಸಿಕೊಳ್ಳಬೇಕು. 1802ರ ಅಕ್ಟೋಬರಿನಲ್ಲಿ ಪನಮರಂನ ಬ್ರಿಟಿಷ್ ಠಾಣೆ ಬಿದ್ದದ್ದು ಪಳಸ್ಸಿ ರಾಜನ ಕಡೆಯ ನಾಯಕ ತಲಕ್ಕಲ್ ಚಂದುವಿನ ಜೊತೆಗಿದ್ದ ಕುರಿಚ್ಯ ಬುಡಕಟ್ಟಿನ ಬಿಲ್ಲುಗಾರರ ಕೈಯಿಂದ.

ಮೊದಲು ಜಾಗ. ಮಳೆಗಾಲದಲ್ಲಿ ಇಲ್ಲಿ ಹೊರಗೆ ಬಿಲ್ಲು ಹಿಡಿಯುವುದು ವ್ಯರ್ಥ. ಸುಗ್ಗಿಹಬ್ಬ ಪುತ್ತರಿ ಮುಗಿದು ಗದ್ದೆ ಕೊಯ್ಲಾದ ಮೇಲೆ, ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಒಂದು ತುದಿಯಲ್ಲಿ ಬಾಣೆಯ (ಗದ್ದೆಗೆ ಅಂಟಿದ ಎತ್ತರದ ಜಾಗದ) ಏರು ಇರುವ ಗದ್ದೆಯೇ ಆಗಬೇಕು, ಗುರಿಗಳು ಆ ಏರಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಏರಿನ ಮಣ್ಣಿನಲ್ಲಿ ಕಲ್ಲು ಕಡಿಮೆ ಇರಲಿ. ಕಲ್ಲಿಗೆ ಬಡಿದ ಬಾಣ ಮೊನೆ ಮುರಿದುಕೊಳ್ಳುವುದಷ್ಟೇ ಅಲ್ಲ, ಯಾವ ದಿಕ್ಕಿಗೆ ಪುಟಿಯುತ್ತದೆಂದು ಹೇಳಲಾಗುವುದಿಲ್ಲ. ಹಿಂದೆ ಟಾರ್ಪಾಲ್ ಕಟ್ಟಿದ್ದೇವಲ್ಲ ಎನ್ನುವುದು ಉತ್ತರವಲ್ಲ, ಬಾಣ ಅದನ್ನು ತೂತು ಮಾಡಿಕೊಂಡು ಹೋಗುತ್ತದೆ.

ಕಾಫಿ ತೋಟದ ಕಡೆ ಮುಖ ಮಾಡಿ ಬಾಣ ಬಿಡುವುದಂತೂ ಬೇಡವೇ ಬೇಡ. ನಮಗೆ ಗದ್ದೆ ಖಾಲಿ ಸಿಗುವ ತಿಂಗಳುಗಳೇ ಅರೇಬಿಕಾದ ಕೊನೆಯ ಕೊಯ್ಲಿಗೂ ರೊಬಸ್ಟಾ ಕೊಯ್ಲಿಗೂ ಕಾಲ. ಹಣ್ಣು ಕೊಯ್ಯುವವರು, ಉದುರಿದ್ದನ್ನು ಹೆಕ್ಕುವವರು ಗಿಡದ ಬುಡದಲ್ಲಿ ಕುಳಿತಿದ್ದರೆ ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಕಾಣದ ಜಾಗಕ್ಕೆ ಗುಂಡು ಹೊಡೆಯಬಾರದು ಎಂದು ತಿಳಿದವರು ಬಾಣವನ್ನೂ ಬಿಡಬಾರದು. ಗದ್ದೆಯ ಯಜಮಾನರಿಗೆ ಮಾತ್ರವಲ್ಲ, ಏರಿಯ ಆಚೆಯ ತೋಟದವರಿಗೂ ಅಲ್ಲಿನ ಕೂಲಿಯವರ ಲೈನ್‌ಮನೆಗೂ ಹಿಂದಿನ ದಿನವೇ ಹೇಳಿಬಿಡಿ. ಕೊಯ್ಲಿನವರ ವಾರದ ರಜೆಯ ದಿನವೇ ಸಿಕ್ಕಿದರೆ ಇನ್ನೂ ಒಳ್ಳೆಯದು. ಸಿದ್ದಾಪುರ, ವಿರಾಜಪೇಟೆ ಕಡೆ ಆನೆ ಓಡಾಡುವ ಜಾಗಗಳಲ್ಲಿ ಬಿಸಿಲು ಬಂದ ಮೇಲೆ ಶುರು ಮಾಡಿ, ಸಂಜೆ ಐದರೊಳಗೆ ಗಂಟುಮೂಟೆ ಕಟ್ಟಬೇಕು. ಗದ್ದೆಗೆ ಬರುವ ಹಂದಿ, ಮರದ ಮೇಲಿನ ಹಕ್ಕಿ ಇವುಗಳ ಕಡೆ ತಮಾಷೆಗೂ ಬಿಲ್ಲು ಎತ್ತಬಾರದು. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆಯ ಪ್ರಯತ್ನವೂ ಬೇಟೆಯೇ.

ಗುರಿ ಕಟ್ಟುವುದರಲ್ಲಿ ಎಲ್ಲರೂ ಸೋಮಾರಿಗಳಾಗುತ್ತಾರೆ, ಬಾಣ ಹಾಳಾಗುವುದು ಅಲ್ಲೇ. ಬೈಹುಲ್ಲಿನ ಕಂತೆಯನ್ನು ಸಡಿಲವಾಗಿ ಕಟ್ಟಿ ನಿಲ್ಲಿಸಿದರೆ ಬಾಣ ಒಳಗೆ ನಿಲ್ಲದೆ ಆಚೆ ಹೋಗುತ್ತದೆ, ಹೋಗುವಾಗ ಗರಿ ಕಿತ್ತುಕೊಳ್ಳುತ್ತದೆ. ಹುಲ್ಲನ್ನು ತುಳಿದು ಒತ್ತಿ, ಹಗ್ಗವನ್ನು ಇಬ್ಬರು ಎಳೆದು ಬಿಗಿಯಬೇಕು. ಬಿಗಿದ ಮೇಲೂ ಒಂದೂವರೆ ಅಡಿ ದಪ್ಪ ಉಳಿಯಬೇಕು. ನಾಲ್ಕೈದು ಸುತ್ತು ಆದ ಮೇಲೆ ನಡು ಸಡಿಲವಾಗುತ್ತದೆ, ಆಗ ಮತ್ತೆ ಬಿಗಿಯಬೇಕು. ಇದಕ್ಕಿಂತ ಸುಲಭ ಕಾಫಿಯ ಗೋಣಿಚೀಲ. ಹಳೆಯ ಬಟ್ಟೆ, ಪ್ಲಾಸ್ಟಿಕ್ ಹಾಳೆ ತುಂಬಿ, ಕೋಲಿನಿಂದ ಜಡಿದು, ಬಾಯಿ ಹೊಲಿಯಿರಿ. ಬಟ್ಟೆಯಲ್ಲಿ ಲೋಹದ ಗುಂಡಿ, ಜಿಪ್ ಇದ್ದರೆ ಮೊದಲೇ ಕತ್ತರಿಸಿ ತೆಗೆಯಬೇಕು. ಬಿದಿರಿನ ಮೂರು ಕಾಲಿನ ಮೇಲೆ ಗುರಿಯನ್ನು ಹಿಂದಕ್ಕೆ ಸ್ವಲ್ಪ ವಾಲಿಸಿ ಇಟ್ಟು, ಹಿಂದಿನ ಗೂಟಕ್ಕೆ ಕಟ್ಟಿ. ಕಟ್ಟದೆ ಬಿಟ್ಟ ಗುರಿ ಮುಂದಕ್ಕೆ ಮಗುಚಿದರೆ ಚುಚ್ಚಿಕೊಂಡಿದ್ದ ಬಾಣಗಳೆಲ್ಲ ಒಂದೇ ಸಲ ಮುರಿಯುತ್ತವೆ.

ಇನ್ನು ಬಿಲ್ಲು. ನಮ್ಮ ಹವೆಯಲ್ಲಿ ಬಿದಿರು, ಮರದ ಬಿಲ್ಲು ತೇವ ಹೀರಿಕೊಂಡು ಮೆತ್ತಗಾಗುತ್ತದೆ, ಬಾಣದ ವೇಗ ಇಳಿಯುತ್ತದೆ, ಹೆದೆ ಬಿಚ್ಚಿದ ಮೇಲೂ ಬಾಗಿಯೇ ಉಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಅಗಸೆ ಎಣ್ಣೆಯನ್ನೋ ಜೇನುಮೇಣವನ್ನೋ ಉಜ್ಜಿಡಬೇಕು. ಬಾಣ ಬಿಡುವ ದಿನ ಊಟದ ಹೊತ್ತಿಗೆ ಹೆದೆ ಇಳಿಸಿಡಬೇಕು. ಫೈಬರ್ ಪದರದ ಬಿಲ್ಲಿಗೆ ತೇವದ ಭಯ ಕಡಿಮೆ, ಬಿಸಿಲಿನದು ಹೆಚ್ಚು. ಮುಚ್ಚಿದ ಜೀಪಿನೊಳಗೆ ಬಿಟ್ಟರೆ ಅಂಟು ಬಿಡುತ್ತದೆ. ಹೆದೆ ಏರಿಸಲು ಕಾಲು ತೂರಿಸಿ ಬಗ್ಗಿಸುವ ಹಳೆಯ ಪದ್ಧತಿ ನೋಡಲು ಚೆನ್ನ, ಆದರೆ ಲಿಂಬ್ (ಬಿಲ್ಲಿನ ಬಾಗುವ ತೋಳು) ತಿರುಚಿಕೊಳ್ಳುವುದು ಅದರಿಂದಲೇ. ಹೆದೆ ಏರಿಸುವ ಸ್ಟ್ರಿಂಗರ್ ಹಗ್ಗ ಹೆಚ್ಚು ಬೆಲೆಯದೇನಲ್ಲ, ತಂಡಕ್ಕೆ ಎರಡಾದರೂ ಇರಲಿ. ಹೆದೆಗೂ ಹಿಡಿಗೂ ನಡುವಿನ ಅಂತರ ಉದ್ದ ನೇರ ಬಿಲ್ಲಾದ ಲಾಂಗ್‌ಬೋದಲ್ಲಿ ಆರರಿಂದ ಏಳು ಇಂಚು, 60 ಇಂಚಿನ ರಿಕರ್ವ್‌ನಲ್ಲಿ ಏಳೂವರೆಯಿಂದ ಎಂಟು. ಕಡಿಮೆಯಾದರೆ ಹೆದೆಗೆ ಇನ್ನಷ್ಟು ತಿರುವು ಕೊಡಿ. ಹಳೆಯ ಮರದ ಬಿಲ್ಲಿಗೆ ಸ್ವಲ್ಪ ಹಿಗ್ಗುವ ಡ್ಯಾಕ್ರಾನ್ ನೂಲಿನ ಹೆದೆಯೇ ಸರಿ. ಹಿಗ್ಗದ ಹೊಸ ನೂಲು ಹಾಕಿದರೆ ಅದರ ಏಟು ನೇರ ಲಿಂಬ್ ತುದಿಗೆ ಬೀಳುತ್ತದೆ.

ಬಾಣವಿಲ್ಲದೆ ಹೆದೆ ಎಳೆದು ಬಿಡುವುದು ಬಿಲ್ಲು ಸಾಯುವ ಅತಿ ಸಾಮಾನ್ಯ ಕಾರಣ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಲಿಂಬ್‌ಗೇ ತಿರುಗುತ್ತದೆ. ನೋಡಲು ಬಂದವರ ಕೈಗೆ ಬಿಲ್ಲು ಕೊಡುವ ಮೊದಲು ಹೇಳಬೇಕಾದ ಮೊದಲ ಮಾತು ಇದು. ಬಾಣದ ನಾಕ್ (ಹೆದೆ ಕೂರುವ ಹಿಂತುದಿಯ ಸೀಳು) ಸಡಿಲವಿದ್ದರೂ ಇದೇ ಅನಾಹುತ, ಎಳೆಯುವಾಗ ಬಾಣ ಜಾರಿ ಹೆದೆ ಬರಿದೇ ಹೊಡೆಯುತ್ತದೆ. ಬಾಣವನ್ನು ಹೆದೆಗೆ ಸಿಕ್ಕಿಸಿ ಕೆಳಮುಖವಾಗಿ ನೇತುಬಿಡಿ. ಅದು ತಾನಾಗಿ ಬೀಳಬಾರದು, ಹೆದೆಗೆ ಬೆರಳಿನಿಂದ ತಟ್ಟಿದರೆ ಬೀಳಬೇಕು. ತೀರಾ ಹಗುರ ಬಾಣವೂ ಬೇಡ. ಮರದ ಬಿಲ್ಲಿಗೆ ಪೌಂಡಿಗೆ 10 ಗ್ರೇನ್ (ಬಾಣ ತೂಗುವ ಸಣ್ಣ ಅಳತೆ) ಎಂದು ಲೆಕ್ಕ ಹಾಕಿದರೆ 40 ಪೌಂಡಿಗೆ ಸುಮಾರು 26 ಗ್ರಾಂ ಬಾಣ.

ಬೆಳಗಿನ ಮಂಜಿಗೆ ಗರಿ ನೆನೆದು ಮಲಗಿಬಿಡುತ್ತದೆ, ಆಗ ಬಾಣ ಬಾಲ ಆಡಿಸಿಕೊಂಡು ಹೋಗುತ್ತದೆ. ಹಾಗಂತ ಪ್ಲಾಸ್ಟಿಕ್ ರೆಕ್ಕೆ ಹಾಕಬೇಡಿ. ಬಾಣ ಬಿಲ್ಲಿನ ಅಂಚಿನ ಮೇಲೆಯೇ ಕೂರುವ ನಮ್ಮ ಬಿಲ್ಲುಗಳಲ್ಲಿ ಅದು ಅಂಚಿಗೆ ತಾಗಿ ಬಾಣವನ್ನು ಒದೆಯುತ್ತದೆ, ಗರಿಯಾದರೆ ಮಡಿಚಿಕೊಂಡು ದಾಟುತ್ತದೆ. ಮಲಗಿದ ಗರಿಯನ್ನು ಚಹಾ ಪಾತ್ರೆಯ ಹಬೆಗೆ ಕೆಲವು ಕ್ಷಣ ಹಿಡಿದು ಒಣಗಿಸಿದರೆ ಎದ್ದು ನಿಲ್ಲುತ್ತದೆ. ಬಲಗೈಯವರ ಬಾಣಗಳು ಗಾಳಿ ಇಲ್ಲದೆಯೂ ಒಂದೇ ಸಮನೆ ಎಡಕ್ಕೆ ಹೋಗುತ್ತಿದ್ದರೆ ಕೈಯನ್ನೊಂದೇ ಬೈಯಬೇಡಿ. ಬಾಣದ ಕಡ್ಡಿ ಆ ಬಿಲ್ಲಿಗೆ ಹೆಚ್ಚು ಗಡುಸಾಗಿರಬಹುದು. ಬಲಕ್ಕೆ ಹೋದರೆ ಹೆಚ್ಚು ಮೆತ್ತಗೆ. ಗಟ್ಟಿ ವಸ್ತುವಿಗೆ ಬಡಿದ ಪ್ರತಿ ಬಾಣವನ್ನೂ ಬಗ್ಗಿಸಿ, ಕಿವಿಯ ಹತ್ತಿರ ಹಿಡಿದು ನೋಡಿ. ಮೊನೆಯ ಹಿಂದೆ, ನಾಕ್‌ನ ಮುಂದೆ ಬಿರುಕು ಬರುವುದು ಹೆಚ್ಚು. ಬಿರುಕು ಬಿಟ್ಟ ಬಾಣ ಬಿಡುವಾಗ ಸಿಡಿದು ಬಿಲ್ಲು ಹಿಡಿದ ಕೈಗೇ ನುಗ್ಗಬಹುದು.

ಬಾಣ ಬಿಡುವವರೆಲ್ಲ ಒಂದೇ ಗೆರೆಯಲ್ಲಿ ನಿಲ್ಲಬೇಕು. ಒಬ್ಬರ ಕೈಯಲ್ಲಿ ಸೀಟಿ ಇರಬೇಕು, ಆ ಒಬ್ಬರು ಬಿಲ್ಲು ಹಿಡಿಯಬಾರದು. ಎರಡು ಊದಿದರೆ ಗೆರೆಗೆ, ಒಂದು ಊದಿದರೆ ಬಾಣ, ಮೂರು ಊದಿದರೆ ಬಾಣ ತರಲು. ನಿಲ್ಲಿಸದೆ ಊದಿದರೆ ಎಳೆದಿದ್ದವರೂ ನಿಧಾನಕ್ಕೆ ಇಳಿಸಬೇಕು. ದನ ಬಂತು, ನಾಯಿ ಬಂತು, ಯಾರೋ ಏರಿ ಮೇಲೆ ನಡೆದು ಬಂದರು, ಇವೆಲ್ಲ ನಮ್ಮ ಗದ್ದೆಗಳಲ್ಲಿ ಆಗುವಂಥವೇ. ಬಾಣ ತರಲು ಓಡಬಾರದು. ಗುರಿಯಿಂದ ಹೊರಗೆ ಚಾಚಿದ ನಾಕ್ ಕಣ್ಣಿನ ಮಟ್ಟಕ್ಕೇ ಇರುತ್ತದೆ. ಕೀಳುವಾಗ ಒಂದು ಅಂಗೈಯನ್ನು ಗುರಿಗೆ ಒತ್ತಿ, ಇನ್ನೊಂದು ಕೈಯಿಂದ ಗುರಿಗೆ ಹತ್ತಿರದಲ್ಲೇ ಹಿಡಿದು ನೇರ ಎಳೆಯಿರಿ. ಹಿಂದೆ ಯಾರೂ ನಿಂತಿರಬಾರದು.

ದೂರಗಳನ್ನು ಅಳೆದು 20, 30 ಮೀಟರ್ ಎಂದು ಹಲಗೆ ನೆಟ್ಟರೆ ಹೊರಗೆ ಬಂದದ್ದೇ ದಂಡ. ಗುರಿ ತೋರುವ ಕಡ್ಡಿ ಇಲ್ಲದ ಬಿಲ್ಲಿಗೆ ಕಣ್ಣಿನ ಅಂದಾಜೇ ವಿದ್ಯೆ. 30 ಮೀಟರ್ ದೂರವನ್ನು 25 ಎಂದುಕೊಂಡರೆ ಬಾಣ ಸುಮಾರು ಒಂದು ಅಡಿ ಕೆಳಗೆ ಬೀಳುತ್ತದೆ. ಬಾಣೆಯ ಮೇಲಕ್ಕಾಗಲಿ ಕೆಳಕ್ಕಾಗಲಿ ಬಿಡುವಾಗ ಎರಡಕ್ಕೂ ಸ್ವಲ್ಪ ಕೆಳಗೇ ಗುರಿ ಇಡಬೇಕು. ಬಾಣವನ್ನು ಭೂಮಿ ಎಳೆಯುವ ಲೆಕ್ಕಕ್ಕೆ ಬರುವುದು ಏರಿನ ಉದ್ದವಲ್ಲ, ನೆಲದ ಮಟ್ಟದ ದೂರ. ಹತ್ತರಿಂದ 35 ಮೀಟರ್ ಒಳಗೆ ಏಳೆಂಟು ಗುರಿ, ಒಂದೊಂದಕ್ಕೆ ಮೂರು ಬಾಣ, ಗುಂಪಿಗೆ ನಾಲ್ಕು ಜನ ಸಾಕು. ಹೊಸಬರಿಗೆ 20ರಿಂದ 25 ಪೌಂಡ್ ಬಿಲ್ಲು ಕೊಡಿ. ಭಾರದ ಬಿಲ್ಲು ಎಳೆಯುವುದು ಗಂಡಸುತನ ಎನ್ನುವ ಮಾತು ತಂಡಗಳಿಂದ ಹೋಗಬೇಕು. ಕೈ ನಡುಗಲು ಶುರುವಾದ ಮೇಲೆ ಕಲಿಯುವುದೆಲ್ಲ ಕೆಟ್ಟ ಅಭ್ಯಾಸವೇ.

ಮಧ್ಯಾಹ್ನ ಕಡಂಬಿಟ್ಟು, ಪಂದಿ ಕರಿ ಇರಲಿ, ಸಂತೋಷ. ಗ್ಲಾಸು ಮಾತ್ರ ಕೊನೆಯ ಬಿಲ್ಲಿನ ಹೆದೆ ಇಳಿದು ಚೀಲ ಸೇರಿದ ಮೇಲೆ. ಹಿರಿಯರು ಒತ್ತಾಯ ಮಾಡಿದರೂ ಇದರಲ್ಲಿ ರಿಯಾಯಿತಿ ಬೇಡ.

ಹೊರಡುವ ಮೊದಲು ಒಂದು ಗಂಟೆ ಹುಡುಕಾಟಕ್ಕೆಂದೇ ಇಟ್ಟುಕೊಳ್ಳಿ. ತಪ್ಪಿದ ಬಾಣ ಕೂಳೆಯ ಬುಡದಲ್ಲಿ ಹಾವಿನಂತೆ ನುಸುಳಿ ಮಲಗಿರುತ್ತದೆ, ನಿಂತು ನೋಡಿದರೆ ಕಾಣದು. ಗುರಿಯ ಹಿಂದಿನಿಂದ ಗೆರೆಯ ಕಡೆ ಮುಖ ಮಾಡಿ, ಸಾಲಾಗಿ, ಬೂಟಿನ ತುದಿಯಿಂದ ಕೂಳೆ ಸರಿಸುತ್ತಾ ಬನ್ನಿ. ಬಿಳಿ ಅಥವಾ ಗುಲಾಬಿ ಗರಿ ಬೇಗ ಕಣ್ಣಿಗೆ ಬೀಳುತ್ತದೆ, ಕಂದು ಗರಿ ಒಣ ಹುಲ್ಲಿನಲ್ಲಿ ಕರಗಿಹೋಗುತ್ತದೆ. ಬೆಳಗ್ಗೆ ಪ್ರತಿಯೊಬ್ಬರ ಬಾಣ ಎಣಿಸಿ ಬರೆದಿಟ್ಟಿದ್ದರೆ ಈಗ ಎಷ್ಟು ಕಡಿಮೆ ಎಂದು ತಿಳಿಯುತ್ತದೆ. ಮುರಿದ ಬಾಣದ ಎರಡೂ ತುಂಡು ಲೆಕ್ಕಕ್ಕೆ ಬರಬೇಕು. ನಾಳೆ ಅದೇ ಗದ್ದೆಗೆ ದನ ಬಿಡುತ್ತಾರೆ, ಉಕ್ಕಿನ ಮೊನೆ ಗೊರಸಿಗೆ ಹೊಕ್ಕರೆ ಆ ಮನೆಯವರು ಮತ್ತೆ ಜಾಗ ಕೊಡುವುದಿಲ್ಲ, ಕೊಡಲೂಬಾರದು. ಹುಡುಕಿಯೂ ಸಿಗದಿದ್ದರೆ ಬಿದ್ದಿರಬಹುದಾದ ಜಾಗಕ್ಕೆ ಬಿದಿರಿನ ಗೂಟ ಹೊಡೆದು, ಗದ್ದೆಯ ಯಜಮಾನರನ್ನು ಕರೆದು ತೋರಿಸಿ. ಮಾರನೆಯ ದಿನ ಇಬ್ಬರು ಲೋಹಶೋಧಕವನ್ನೋ ಕುಂಟೆಯನ್ನೋ ಹಿಡಿದು ಹೋಗಿ, ಸಿಕ್ಕ ಮೇಲೆ ಗೂಟ ಕೀಳಲಿ.