ಸತ್ಯಾಂಶ: ಮಣ್ಣಿಲ್ಲದೆ ಬೆಳೆದ ಗಾಂಜಾಕ್ಕೆ ಕಾನೂನು ಅನ್ವಯಿಸುವುದಿಲ್ಲವೇ?

‘ಮನೆಯೊಳಗೆ ಹೈಡ್ರೋಪೋನಿಕ್ಸ್‌ನಲ್ಲಿ (ಮಣ್ಣಿಲ್ಲದೆ, ನೀರಿನಲ್ಲೇ ಬೆಳೆಸುವ ಪದ್ಧತಿ) ನಾಲ್ಕೈದು ತಳಿಯ ಗಾಂಜಾ ಬೆಳೆದರೆ ತಪ್ಪಲ್ಲ, ನಿಷೇಧ ಇರುವುದು ಹೊಲಕ್ಕೆ ಮಾತ್ರ’ ಎಂಬ ಫಾರ್ವರ್ಡ್ ಹುಬ್ಬಳ್ಳಿ-ಧಾರವಾಡದ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು.

1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ 8ನೇ ಕಲಂ ಗಾಂಜಾ ಗಿಡ ಬೆಳೆಸುವುದನ್ನೇ ನಿಷೇಧಿಸುತ್ತದೆ. ಹಾವೇರಿಯ ಮೆಕ್ಕೆಜೋಳದ ಸಾಲಿನ ನಡುವೆಯೋ, ವಿದ್ಯಾನಗರದ ಬಾಡಿಗೆ ಕೋಣೆಯ ಎಲ್‌ಇಡಿ ದೀಪದ ಕೆಳಗೋ ಎಂದು ಅದು ಕೇಳುವುದಿಲ್ಲ. ಬೇರು ಮಣ್ಣಿನಲ್ಲಿದೆಯೋ ಪೋಷಕಾಂಶ ಬೆರೆಸಿದ ನೀರಿನಲ್ಲಿದೆಯೋ, ಅದೂ ಲೆಕ್ಕಕ್ಕಿಲ್ಲ. ತಳಿಯ ವಾದವಂತೂ ನಿಲ್ಲುವುದೇ ಇಲ್ಲ: ಇಂಡಿಕಾ, ಸಟೈವಾ, ಹೈಬ್ರಿಡ್ ಏನೇ ಇರಲಿ, ಕ್ಯಾನಬಿಸ್ ಕುಲದ ಯಾವ ಗಿಡವಾದರೂ ಕಾಯ್ದೆಗೆ ಒಂದೇ.

ಬೆಳೆದವರಿಗೆ 20ನೇ ಕಲಂ ಪ್ರಕಾರ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ‘1 ಕೆ.ಜಿ. ಒಳಗಿದ್ದರೆ ನಡೀತದ’ ಅನ್ನೋ ಮಾತೂ ಕೇಳಿಬರುತ್ತದೆ. ಆ ‘ಸಣ್ಣ ಪ್ರಮಾಣ’ದ ಲೆಕ್ಕ ಗಾಂಜಾ ಇಟ್ಟುಕೊಂಡ ಪ್ರಕರಣಗಳಿಗೆ, ಗಿಡ ಬೆಳೆಸಿದ್ದಕ್ಕಲ್ಲ, ಅಲ್ಲೂ 1 ವರ್ಷದವರೆಗೆ ಸಜೆಗೆ ಅವಕಾಶವಿದೆ. ಗೊತ್ತಿದ್ದೂ ಕೋಣೆ ಬಿಟ್ಟುಕೊಟ್ಟ ಮಾಲೀಕರು 25ನೇ ಕಲಮಿನಡಿ ಸಿಕ್ಕಿಬೀಳುತ್ತಾರೆ. ಧಾರವಾಡದಂಥ ವಿದ್ಯಾರ್ಥಿಗಳ ಊರಿನಲ್ಲಿ ಬಾಡಿಗೆ ಕೊಡುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಗೊಂದಲಕ್ಕೆ ವಿದೇಶಿ ಸುದ್ದಿಯೂ ಕಾರಣವಿರಬಹುದು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು ಮನೆಯಲ್ಲಿ 3 ಗಿಡ ಬೆಳೆಸಬಹುದು. ಅದು ಅಲ್ಲಿನ ಕಾನೂನು. ಉತ್ತರಾಖಂಡದ ಹೆಂಪ್ (ನಾರು, ಬೀಜಕ್ಕಾಗಿ ಬೆಳೆಯುವ, ಅಮಲಿನ ಅಂಶ ತೀರಾ ಕಡಿಮೆ ಇರುವ ಗಾಂಜಾ ತಳಿ) ಕೃಷಿಗೂ ಸರ್ಕಾರದ ಪರವಾನಗಿ ಬೇಕೇ ಬೇಕು.

ಅಂದಹಾಗೆ, ಹೈಡ್ರೋಪೋನಿಕ್ಸ್ ಪದ್ಧತಿಗೆ ಯಾವ ನಿರ್ಬಂಧವೂ ಇಲ್ಲ. ಅದೇ ಪೈಪು, ಅದೇ ಪಂಪಿನಲ್ಲಿ ಪಾಲಕ್, ಲೆಟ್ಯೂಸ್ ಧಾರಾಳವಾಗಿ ಬೆಳೆಯಬಹುದು.